ಸಾಕುಪ್ರಾಣಿಗಳ ಅಂತ್ಯಸಂಸ್ಕಾರ: ಜಡಿಗೇನಹಳ್ಳಿ ಸೀಮೆಯ ರೂಢಿ, ಚರಿತ್ರೆ, ಕಾನೂನು

ಮನೆಯಲ್ಲಿ ಸಾಕಿದ ನಾಯಿ, ಬೆಕ್ಕು, ಹಸು, ಎತ್ತು, ಮೊಲ, ಹಕ್ಕಿಗಳು ಸತ್ತಾಗ ಅವುಗಳ ಕಳೇಬರವನ್ನು ಹೂಳುವುದು ಇಲ್ಲವೇ ಸುಡುವುದು, ಸಾವಿಗೆ ಕಾರಣ ತಿಳಿಯುವುದು, ರೋಗ ಹರಡದಂತೆ ನೋಡಿಕೊಳ್ಳುವುದು, ಬೇಕಾದ ದಾಖಲೆ ಪಡೆಯುವುದು, ಮನೆಮಂದಿಯ ಮನಸ್ಸಿಗೆ ಒಪ್ಪುವಂತೆ ಬೀಳ್ಕೊಡುವುದು ಇವೆಲ್ಲ ಸೇರಿ ಸಾಕುಪ್ರಾಣಿಯ ಅಂತ್ಯಸಂಸ್ಕಾರ. ಮನುಷ್ಯರ ಸಾವಿಗೆ ಇರುವಂತೆ ಇದಕ್ಕೆ ಒಪ್ಪಿತ ವಿಧಿಯಾಗಲಿ, ಊರೂರಿಗೆ ಗುರುತಿಸಿದ ಜಾಗವಾಗಲಿ ನಮ್ಮಲ್ಲಿಲ್ಲ. ಆದ್ದರಿಂದ ಸಾವು ಬಂದ ಹೊತ್ತಿಗೆ ಪ್ರತಿ ಮನೆಯೂ ಹೊಸದಾಗಿ ಯೋಚಿಸಬೇಕಾಗುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಜಡಿಗೇನಹಳ್ಳಿಯೂ ಒಂದು. ಮಾಲೂರು ಗಡಿಗೆ ತಾಗಿದ ಈ ಸೀಮೆ ರಾಗಿ, ತರಕಾರಿ, ಹಾಲಿನ ಊರುಗಳದು. ಇಲ್ಲಿ ಪ್ರಾಣಿ ಸತ್ತರೆ ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ ಬಹುಕಾಲ ಎದ್ದಿರಲಿಲ್ಲ. ಸ್ವಂತ ಹೊಲದ ಬದು, ತೋಟದ ಮೂಲೆ, ಗೋಮಾಳ, ಗುಂಡುತೋಪು ಎಲ್ಲವೂ ಕೈಗೆಟುಕುವಷ್ಟು ಹತ್ತಿರವಿದ್ದವು. ಈಗ ವೈಟ್‌ಫೀಲ್ಡ್ ಕಡೆಯಿಂದ ನಗರ ಬೆಳೆದು ಬರುತ್ತಿದೆ. ಹೊಲಗಳು ಬಡಾವಣೆಗಳಾಗಿವೆ, 30‍×40 ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಎದ್ದಿದೆ, ಅಂಗಳಕ್ಕೆ ಕಾಂಕ್ರೀಟು ಬಿದ್ದಿದೆ. ಬಾಡಿಗೆ ಮನೆಯಲ್ಲಿ ಲ್ಯಾಬ್ರಡಾರ್ ಸಾಕಿದವರಿಗೆ ಒಂದು ಅಡಿ ಮಣ್ಣೂ ತಮ್ಮದಲ್ಲ. ಹೊಸಕೋಟೆಯಿಂದ ಮಾಲೂರಿನ ಮೇಲೆ ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಂಥ ವೇಗದ ರಸ್ತೆಗಳು ಬಂದ ಮೇಲೆ ರಸ್ತೆಗೆ ಬಿದ್ದು ಸಾಯುವ ನಾಯಿಗಳನ್ನು ಯಾರು ಎತ್ತಬೇಕು ಎಂಬುದೂ ಸೇರಿಕೊಂಡಿದೆ. ಹಳ್ಳಿಯ ರೂಢಿ ಸಾಲದೆ, ನಗರದ ವ್ಯವಸ್ಥೆ ಇನ್ನೂ ಮುಟ್ಟದೆ ಉಳಿದ ನಡುವಿನ ಸೀಮೆ ಇದು. ಈ ವಿಷಯವನ್ನು ಇಲ್ಲಿಂದ ನೋಡುವುದಕ್ಕೆ ಅದೇ ಕಾರಣ.

ಹೊಲದ ಬದುವಿನಲ್ಲಿ

ಹಳ್ಳಿಯಲ್ಲಿ ನಾಯಿಯನ್ನು ಮಣ್ಣು ಮಾಡುವ ಕೆಲಸ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೂ ಅದರಲ್ಲಿ ಗಮನಿಸಬೇಕಾದ ಸಂಗತಿಗಳು ಸಾಕಷ್ಟಿವೆ. ಸತ್ತಿದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು: ಎದೆಬಡಿತ ನಿಂತಿರಬೇಕು, ಕಣ್ಣುಗುಡ್ಡೆಯನ್ನು ಮೆಲ್ಲಗೆ ಮುಟ್ಟಿದರೂ ರೆಪ್ಪೆ ಅಲುಗಬಾರದು, ಒಸಡು ಬಿಳಿಚಿರಬೇಕು. ಸತ್ತ ಕೆಲವೇ ಗಂಟೆಗಳಲ್ಲಿ ಮೈ ಸೆಟೆಯತೊಡಗುತ್ತದೆ, ಬಿಸಿಲುಗಾಲದಲ್ಲಿ ಇನ್ನೂ ಬೇಗ. ಅದಕ್ಕೆ ಮೊದಲೇ ಕಾಲುಗಳನ್ನು ಮಡಿಸಿ, ಮಲಗಿದ ಭಂಗಿಗೆ ತಂದಿಟ್ಟರೆ ಗುಂಡಿಯೂ ಚಿಕ್ಕದಾಗುತ್ತದೆ, ನೋಡುವವರ ಕಣ್ಣಿಗೂ ಸಮಾಧಾನ. ಸ್ನಾಯುಗಳು ಸಡಿಲಗೊಂಡು ಮಲಮೂತ್ರ ಹೊರಬರುವುದು ಸಹಜ. ಮಕ್ಕಳು ಅದನ್ನು ನೋಡಿ ಹೆದರದಂತೆ ಕೆಳಗೆ ಹಳೆಯ ಬಟ್ಟೆ ಹಾಸಬೇಕು. ಮೈ ತಣ್ಣಗಾಗುತ್ತಿದ್ದಂತೆ ಉಣ್ಣೆ, ಚಿಗಟಗಳು ಕೂದಲು ಬಿಟ್ಟು ಹೊರಗೆ ಹರಿದು ಬರುತ್ತವೆ. ಹಾಗಾಗಿ ಕಳೇಬರವನ್ನು ಹಾಸಿಗೆಯ ಮೇಲಾಗಲಿ, ಬೇರೆ ಸಾಕುಪ್ರಾಣಿ ಮಲಗುವ ಜಾಗದಲ್ಲಾಗಲಿ ಇಡುವುದು ಬೇಡ.

ಈ ಭಾಗದ ಕೆಂಪು ಮಣ್ಣು ಮಳೆಗಾಲದಲ್ಲಿ ಸಲೀಸಾಗಿ ಅಗೆಯಲು ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮೇಲಿನ ಪದರ ದಾಟಿದರೆ ಗರಸು, ಗುದ್ದಲಿ ಹಾರಿ ಬೀಳುತ್ತದೆ, ಹಾರೆಯಿಂದ ಬಿಡಿಸಿಕೊಂಡೇ ಇಳಿಯಬೇಕು. ದಣಿವಿಗೆ ಸೋತು ಒಂದೂವರೆ ಅಡಿಗೇ ನಿಲ್ಲಿಸಿದರೆ ಆ ರಾತ್ರಿಯೇ ಬೀದಿನಾಯಿ ಅಥವಾ ನರಿ ಕೆದಕುತ್ತದೆ. ನಾಯಿಗೆ ಕನಿಷ್ಠ ಮೂರು ಅಡಿ ಆಳ ಬೇಕು, ದೊಡ್ಡ ತಳಿಯಾದರೆ ನಾಲ್ಕು. ದನಕ್ಕೆ ಆರರಿಂದ ಎಂಟು ಅಡಿ ಬೇಕಾಗುವುದರಿಂದ ಈಗ ಜೆಸಿಬಿಯನ್ನೇ ಕರೆಸುತ್ತಾರೆ. ಕೊಳವೆಬಾವಿ, ತೆರೆದ ಬಾವಿ, ಮಳೆನೀರು ಇಂಗಿಸುವ ಗುಂಡಿಗಳಿಂದ ದೂರವಿರಬೇಕು. ಕೆರೆಯಂಗಳ ಒಣಗಿದೆ ಎಂದು ಅಲ್ಲಿ ಹೂಳುವ ಅಭ್ಯಾಸವಂತೂ ತಪ್ಪು. ಮುಂದಿನ ಮಳೆಗೆ ಕೆರೆ ತುಂಬಿದರೆ ಅದೆಲ್ಲ ನೀರಿಗೇ ಸೇರುತ್ತದೆ.

ಕಳೇಬರವನ್ನು ಹಳೆಯ ಪಂಚೆ, ಸೀರೆ ಅಥವಾ ಗೋಣಿಚೀಲದಲ್ಲಿ ಸುತ್ತುವುದು ಸರಿಯಾದ ಕ್ರಮ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೂತರೆ ಗಾಳಿಯೂ ಮಣ್ಣಿನ ಜೀವಿಗಳೂ ಒಳಹೋಗದೆ ಕೊಳೆಯುವ ಕ್ರಿಯೆ ವರ್ಷಗಟ್ಟಲೆ ನಿಧಾನವಾಗುತ್ತದೆ. ನೈಲಾನ್ ಕೊರಳಪಟ್ಟಿಯನ್ನೂ ಬಿಚ್ಚಿಡಬೇಕು. ಅರ್ಧ ಮಣ್ಣು ಎಳೆದ ಮೇಲೆ ಜಾಲಿಮುಳ್ಳಿನ ಕೊಂಬೆಗಳನ್ನು ಹರಡಿ, ಮತ್ತೆ ಮಣ್ಣು ತುಂಬಿ, ಮೇಲೊಂದು ಚಪ್ಪಡಿ ಕಲ್ಲು ಹೇರಿದರೆ ಯಾವ ಪ್ರಾಣಿಯೂ ಕೆದಕಲಾರದು. ಒಂದೆರಡು ಮಳೆಗೆ ಮಣ್ಣು ಕುಸಿಯುವುದರಿಂದ ಒಂದು ಅಡಿಯಷ್ಟು ದಿಬ್ಬ ಬಿಟ್ಟಿರಬೇಕು.

ಗುಂಡಿಗೆ ಉಪ್ಪು, ಸುಣ್ಣ ಸುರಿಯುವುದು ಎಲ್ಲೆಡೆ ಇರುವ ವಾಡಿಕೆ. ಸುಣ್ಣ ಹಾಕಿದರೆ ಬೇಗ ಕರಗುತ್ತದೆ ಎಂದು ಜನ ನಂಬುತ್ತಾರೆ. ಹಂದಿಯ ಕಳೇಬರಗಳ ಮೇಲೆ ಯುರೋಪಿನಲ್ಲಿ ನಡೆಸಿದ ಪ್ರಯೋಗಗಳು ಇದಕ್ಕೆ ಉಲ್ಟಾ ಫಲಿತಾಂಶ ಕೊಟ್ಟಿವೆ: ಸುಣ್ಣ ಕೊಳೆಯುವಿಕೆಯನ್ನು ತಡಮಾಡುತ್ತದೆ. ವಾಸನೆ ತಡೆಯಲು, ಸೋಂಕಿನ ಕಳೇಬರವಿದ್ದರೆ ಸುತ್ತಲ ಮಣ್ಣನ್ನು ಶುದ್ಧಗೊಳಿಸಲು ಸುಣ್ಣ ಬೇಕು. ಮುಪ್ಪಿನಿಂದ ಸತ್ತ ನಾಯಿಗೆ ಅದರ ಅಗತ್ಯವಿಲ್ಲ. ಉಪ್ಪಿನ ಮೂಟೆ ಸುರಿದರೆ ಆ ಜಾಗದಲ್ಲಿ ಆಮೇಲೆ ಹೊಂಗೆಯಾಗಲಿ ಮಲ್ಲಿಗೆಯಾಗಲಿ ಬೇರು ಬಿಡುವುದು ಕಷ್ಟ. ಗಿಡ ನೆಡುವ ಮನಸ್ಸಿದ್ದವರು ಉಪ್ಪನ್ನು ಬಿಟ್ಟುಬಿಡಬೇಕು.

ವಿಧಿಯ ಮಾತಿಗೆ ಬಂದರೆ, ಇದ್ದುದರಲ್ಲೇ ಜನ ತಮಗೆ ತಿಳಿದಂತೆ ಮಾಡುತ್ತಾರೆ. ಅರಿಸಿನ, ಕುಂಕುಮ, ಹೂವು, ಊದುಬತ್ತಿ. ಬಾಯಿಗೆ ಒಂದು ಚಮಚ ಹಾಲು. ಮನೆಯ ಹಿರಿಯರು ಮೊದಲ ಹಿಡಿ ಮಣ್ಣು ಹಾಕುತ್ತಾರೆ, ಮಕ್ಕಳೂ ಹಾಕುತ್ತಾರೆ. ಕೆಲವು ಮನೆಗಳಲ್ಲಿ ಮೂರನೆಯ ದಿನ ಹಾಲು-ತುಪ್ಪ ಬಿಟ್ಟು ಬರುವುದೂ ಉಂಟು. ಮುಸ್ಲಿಂ ಮತ್ತು ಕ್ರೈಸ್ತ ಮನೆಗಳಲ್ಲಿ ವಿಧಿಯಿಲ್ಲದೆ ಶುಚಿಯಾಗಿ ಹೂಳುವುದೇ ಹೆಚ್ಚು. ನಾಯಿಗೆ ಇದೆಲ್ಲ ಯಾಕೆ ಎನ್ನುವವರು ಯಾವ ಊರಲ್ಲೂ ಇರುತ್ತಾರೆ. ಅವರಿಗೆ ಕೊಡಬಹುದಾದ ಉತ್ತರ ಕನ್ನಡ ನಾಡಿನ ಕಲ್ಲುಗಳಲ್ಲಿ ಸಾವಿರ ವರ್ಷದ ಹಿಂದೆಯೇ ಕೆತ್ತಲಾಗಿದೆ.

ಆತಕೂರಿನ ಕಾಳಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಅದರ ಮೇಲೆ ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಬಿದ್ದು ಹೋರಾಡುವ ಚಿತ್ರ, ಸುತ್ತ ಹಳಗನ್ನಡದ ಬರಹ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ಗುಡಿಯ ಬಳಿ ದೊರೆತ ಈ ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರನ್ನು ಎದುರಿಸಿದ ತಕ್ಕೋಲಂ ಕಾಳಗ, ಅದರಲ್ಲಿ ಚೋಳ ರಾಜಕುಮಾರ ರಾಜಾದಿತ್ಯನ ಸಾವು, ಗಂಗ ಬೂತುಗನ ಪಾತ್ರ ಇವೆಲ್ಲಕ್ಕೆ ಇದು ಮುಖ್ಯ ಆಧಾರವಾದ್ದರಿಂದ ಚರಿತ್ರೆಕಾರರು ಪದೇಪದೇ ಇದನ್ನು ಎತ್ತುತ್ತಾರೆ. ಕಲ್ಲು ನೆಟ್ಟದ್ದು ಮಾತ್ರ ಒಂದು ನಾಯಿಗಾಗಿ.

ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರ ಎಂಬ ವೀರನಿಗೆ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನಲ್ಲಿ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿದ. ಅದರ ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿ ಅನುಭವಿಸುವ ಗುಡಿಯ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಬರೆಸಿದ.

ಈ ವ್ಯವಸ್ಥೆಯ ಪೂರ್ಣತೆಯನ್ನು ಗಮನಿಸಬೇಕು. ಸ್ಥಳ ನಿಗದಿಯಾಯಿತು, ಗುರುತಿನ ಕಲ್ಲು ಬಂತು, ಮುಂದಿನ ನಿರ್ವಹಣೆಗೆ ಆದಾಯ ಒದಗಿತು, ಹೊಣೆ ಯಾರದೆಂದು ತೀರ್ಮಾನವಾಯಿತು, ಹೊಣೆ ತಪ್ಪಿದರೆ ಏನೆಂಬುದೂ ದಾಖಲಾಯಿತು. ಇವತ್ತಿನ ಯಾವ ನಗರಪಾಲಿಕೆಯೂ ಒಂದು ನಾಯಿಯ ಸಾವಿಗೆ ಇಷ್ಟು ಮುಂದಾಲೋಚನೆ ಮಾಡಿಲ್ಲ. ಕಾಳಿ ಒಂಟಿಯೂ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಏಳನೆಯ ಶತಮಾನದ ವೀರಗಲ್ಲೊಂದಿದೆ. ದನಗಳ್ಳರೊಡನೆ ಹೋರಾಡಿ ಸತ್ತ ಯಜಮಾನನ ಪಕ್ಕದಲ್ಲೇ ಅವನ ನಾಯಿ ಕೋವಿವನ್ ಅದರ ಹೆಸರಿನೊಂದಿಗೆ ಕಲ್ಲಿನಲ್ಲಿ ನಿಂತಿದೆ.

ಸಾಯುವ ಪ್ರಾಣಿಯ ಬಳಿ ಕೂರುವುದಕ್ಕೆ ಜೈನ ಪರಂಪರೆ ವಿಶೇಷ ಬೆಲೆ ಕೊಟ್ಟಿದೆ. ಭಾಸ್ಕರ ಕವಿ 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಕಥೆಯಲ್ಲಿ ಯಜ್ಞದ ಅನ್ನ ಮುಟ್ಟಿತೆಂದು ಪೆಟ್ಟು ತಿಂದು ಪ್ರಾಣ ಬಿಡುತ್ತಿರುವ ನಾಯಿಯ ಕಿವಿಯಲ್ಲಿ ರಾಜಕುಮಾರ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ಆ ನಾಯಿ ಯಕ್ಷನಾಗಿ ಹುಟ್ಟಿ ಮುಂದೆ ಅವನ ಕಷ್ಟಕಾಲಕ್ಕೆ ಆಗುತ್ತದೆ. ಚಿಕಿತ್ಸೆಗೆ ಸ್ಪಂದಿಸದ ನಾಯಿಯನ್ನು ಕೊನೆಯ ಗಳಿಗೆಯಲ್ಲಿ ಒಬ್ಬಂಟಿಯಾಗಿ ಬಿಡಬೇಡಿ ಎಂದು ಪಶುವೈದ್ಯರು ಹೇಳುವುದೂ ಇದನ್ನೇ.

ಗ್ರಾಮದೇವತೆಗೆ ಬಿಟ್ಟ ಬಸವ ಸತ್ತರೆ ಹಳೆ ಮೈಸೂರು ಸೀಮೆಯಲ್ಲಿ ಇಡೀ ಊರೇ ಸೇರುತ್ತದೆ. ಹೂವಿನ ಅಲಂಕಾರ, ತಮಟೆ, ವಾದ್ಯ, ಟ್ರ್ಯಾಕ್ಟರ್ ಮೇಲೆ ಮೆರವಣಿಗೆ, ಗುಡಿಯ ಹತ್ತಿರ ಸಮಾಧಿ, ಆಮೇಲೆ ಗದ್ದುಗೆ, ವರ್ಷಕ್ಕೊಮ್ಮೆ ಪೂಜೆ. ಸತ್ತ ಕೋತಿಯನ್ನು ಹನುಮಂತನೆಂದು ಭಾವಿಸಿ ಹೂತು ಚಿಕ್ಕ ಗುಡಿ ಕಟ್ಟಿದ ಊರುಗಳು ಬಹಳ. ನಾಗರಹಾವು ಸತ್ತದ್ದು ಕಂಡವರು ಅದನ್ನು ಸುಟ್ಟು, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರ ಮಾಡಿಸುತ್ತಾರೆ. ಮನುಷ್ಯರ ಉತ್ತರಕ್ರಿಯೆಯ ಮಾದರಿಯಲ್ಲೇ ನಡೆಯುವ ಸಂಸ್ಕಾರ ಅದು. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಗುಡಿಯಿದೆ. ಬಸವ, ಕೋತಿ, ನಾಗ ಇವಕ್ಕೆ ದೈವದ ನಂಟಿದೆ. ಅಂಥ ನಂಟಿಲ್ಲದ ಮನೆಯ ಬೆಕ್ಕಿಗೆ, ಅಂಗಳದ ನಾಯಿಗೆ ಸಿಗುವ ಗೌರವ ಬರೀ ಪ್ರೀತಿಯದು.

ಇತ್ತೀಚೆಗೆ ಆ ಪ್ರೀತಿ ಬಹಿರಂಗವಾಗಿ ಕಾಣತೊಡಗಿದೆ. 2021ರ ಜುಲೈನಲ್ಲಿ, ಮುಖ್ಯಮಂತ್ರಿಯಾಗುವ ಕೆಲವೇ ದಿನ ಮೊದಲು, ಬಸವರಾಜ ಬೊಮ್ಮಾಯಿಯವರ ಮನೆಯ ನಾಯಿ ಸನ್ನಿ ತೀರಿಕೊಂಡಾಗ ಹೂಹಾರ ಹಾಕಿದ ನಾಯಿಯ ಮುಂದೆ ಕುಟುಂಬದವರೆಲ್ಲ ಅತ್ತ ದೃಶ್ಯವನ್ನು ನಾಡು ನೋಡಿತು. ಮರುವರ್ಷ ‘777 ಚಾರ್ಲಿ’ ಚಿತ್ರ ನೋಡಿ ಅವರು ಮತ್ತೆ ಕಣ್ಣೀರು ಹಾಕಿದರು. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಅಲ್ಲೇ ದಬ್ಬಳ್ಳಿಕಟ್ಟೆಯಲ್ಲಿ ಸಕಲ ಗೌರವದೊಂದಿಗೆ ಮಣ್ಣು ಮಾಡಲಾಯಿತು. ಅಳುತ್ತಾ ನಿಂತ ಮಾವುತನನ್ನು ಕಂಡು ಜನ ಗುಂಪಾಗಿ ಅತ್ತರು. ಪ್ರಾಣಿ ಸತ್ತಾಗ ಅಳುವುದು ನಾಚಿಕೆಯ ವಿಷಯ ಎಂಬ ಭಾವನೆ ಇಂಥ ಘಟನೆಗಳಿಂದ ಕಡಿಮೆಯಾಗುತ್ತಿದೆ. ಇದು ಒಳ್ಳೆಯದೇ.

ಸಾವಿನ ಕಾರಣ, ರೋಗ ಮತ್ತು ಕಾನೂನು

ಹೇಗೆ ಹೂಳಬೇಕು, ಸುಡಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ್ದು ಯಾಕೆ ಸತ್ತಿತು ಎಂದು. ವಯಸ್ಸಾಗಿ, ಹೃದಯ ಅಥವಾ ಮೂತ್ರಪಿಂಡ ಸೋತು ಸತ್ತ ಪ್ರಾಣಿಯ ಮಾತು ಬೇರೆ. ಸೋಂಕಿನಿಂದ ಸತ್ತಿದ್ದರೆ ಅಂತ್ಯಸಂಸ್ಕಾರವೂ ಆರೋಗ್ಯದ ಕೆಲಸವಾಗುತ್ತದೆ.

ಇದರಲ್ಲಿ ಅತ್ಯಂತ ಎಚ್ಚರ ಬೇಕಾದ್ದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಯಾರನ್ನಾದರೂ ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನದೊಳಗೆ ಸತ್ತರೆ ಅದನ್ನು ಸದ್ದಿಲ್ಲದೆ ಹೂತುಬಿಡುವಂತಿಲ್ಲ. ಮಿದುಳಿನ ಮಾದರಿ ಪರೀಕ್ಷೆಯಾದರೆ ಮಾತ್ರ ರೋಗವಿತ್ತೋ ಇಲ್ಲವೋ ಖಚಿತವಾಗುತ್ತದೆ. ಹೊಸಕೋಟೆ ಸೀಮೆಯವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪತ್ತೆ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದದ್ದು, ಅದು ಇಲ್ಲಿಂದ ಕೆಲವೇ ಗಂಟೆಗಳ ದೂರದಲ್ಲಿದೆ. ಕಳೇಬರವನ್ನು ಬರಿಗೈಯಲ್ಲಿ ಮುಟ್ಟದೆ, ಬಾಯಿ-ಜೊಲ್ಲಿನ ಹತ್ತಿರ ಹೋಗದೆ, ಸ್ಥಳೀಯ ಪಶುವೈದ್ಯರಿಗೆ ಮೊದಲು ತಿಳಿಸಬೇಕು. ತಲೆ ಬಿಡಿಸುವ ಕೆಲಸ ತರಬೇತಿ ಪಡೆದವರದು, ಮನೆಯವರದಲ್ಲ. ಕಚ್ಚಿಸಿಕೊಂಡವರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಲಸಿಕೆ ಹಾಕಿಸಿಕೊಳ್ಳಬೇಕು. ಮನುಷ್ಯರಲ್ಲಿ ರೇಬೀಸ್ ಕಂಡರೆ ಸರ್ಕಾರಕ್ಕೆ ವರದಿ ಮಾಡುವುದು ಕರ್ನಾಟಕದಲ್ಲಿ 2022ರಿಂದ ಕಡ್ಡಾಯ. ಪ್ರಾಣಿಗಳ ರೋಗಗಳಿಗೆ ಸಂಬಂಧಿಸಿದ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲೂ ಇದು ಸೇರಿದೆ.

ದನಕರುಗಳಲ್ಲಿ ಅಷ್ಟೇ ಭಯಾನಕವಾದದ್ದು ನೆರಡಿ ರೋಗ, ಇಂಗ್ಲಿಷ್ ಹೆಸರಿನಲ್ಲಿ ಆಂಥ್ರಾಕ್ಸ್. ಇದ್ದಕ್ಕಿದ್ದಂತೆ ಸತ್ತ ಹಸುವಿನ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಜಿನುಗುತ್ತಿದ್ದರೆ ಆ ಕಳೇಬರವನ್ನು ಕೊಯ್ಯಲೇಬಾರದು, ಚರ್ಮ ಸುಲಿಯಲೇಬಾರದು. ಗಾಳಿ ಸೋಕಿದರೆ ರೋಗಾಣು ಬೀಜಕಗಳಾಗಿ ದಶಕಗಳ ಕಾಲ ಮಣ್ಣಿನಲ್ಲಿ ಬದುಕಿರುತ್ತದೆ, ಮುಂದೊಂದು ಮಳೆಗೆ ಮೇಲೆದ್ದು ಮೇಯುವ ದನಕ್ಕೆ ಅಂಟುತ್ತದೆ. ಆರು ಅಡಿಗಿಂತ ಆಳ, ಧಾರಾಳ ಸುಣ್ಣ, ಸುತ್ತ ಬೇಲಿ ಇಲ್ಲಿ ಬೇಕೇ ಬೇಕು.

ನಾಯಿಮರಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಾಮೂಲಿ ಫಿನಾಯಿಲ್‌ಗೆ ಬಗ್ಗುವುದಿಲ್ಲ. ಬ್ಲೀಚಿಂಗ್ ಪುಡಿಯ ದ್ರಾವಣದಿಂದ ನೆಲ, ಬಟ್ಟಲು, ಸರಪಳಿ ತೊಳೆಯಬೇಕು. ದುಃಖ ಮರೆಯಲೆಂದು ಮರುವಾರವೇ ಇನ್ನೊಂದು ಮರಿ ತಂದು, ಅದೂ ಸತ್ತು ಎರಡು ಸಾವು ಕಂಡ ಮನೆಗಳಿವೆ. ಮರಿಗೆ ಪೂರ್ತಿ ಲಸಿಕೆಯಾಗುವವರೆಗೆ ಆ ಅಂಗಳಕ್ಕೆ ಬಿಡದಿರುವುದು ಕ್ಷೇಮ. ಕೋಳಿಗಳು ಒಟ್ಟಿಗೆ ಹಲವು ಸತ್ತರೆ ಪಶು ಇಲಾಖೆಗೆ ತಿಳಿಸಬೇಕು. ಇಲಾಖೆಯ ಸಂಚಾರಿ ಪಶುಚಿಕಿತ್ಸಾ ವಾಹನವನ್ನು 1962ಕ್ಕೆ ಕರೆ ಮಾಡಿ ಕರೆಸಬಹುದು.

ದಯಾಮರಣ ಕೊಟ್ಟ ಪ್ರಾಣಿಯ ಬಗ್ಗೆ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿಯಿದೆ. ಚುಚ್ಚಿದ ಬಾರ್ಬಿಟ್ಯುರೇಟ್ ಔಷಧ ಕಳೇಬರದಲ್ಲೇ ಉಳಿಯುತ್ತದೆ. ಅದನ್ನು ಬಯಲಿಗೆಸೆದರೆ ತಿಂದ ಹದ್ದು, ಕಾಗೆ, ನಾಯಿ ಕೂಡ ಸಾಯುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ ಭಾರತದ ರಣಹದ್ದುಗಳು ನಿರ್ನಾಮದ ಅಂಚಿಗೆ ಹೋದದ್ದು ಇದೇ ದಾರಿಯಲ್ಲಿ. ಆ ಔಷಧದ ಪಶು ಬಳಕೆಗೆ 2006ರಲ್ಲಿ ನಿಷೇಧ ಬಂತು, ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ದಯಾಮರಣದ ಪ್ರಾಣಿಯನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು, ಮೂರನೆಯ ದಾರಿಯಿಲ್ಲ.

ಯಾರ ಕೈಯಿಂದ?

ಈ ಲೇಖನದ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾಗುವುದು ಗುಂಡಿ ತೋಡುವ ಕೈ ಯಾರದು ಎಂಬುದು. ಕನ್ನಡ ನಾಡಿನ ಊರುಗಳಲ್ಲಿ ಸತ್ತ ದನವನ್ನು ಎಳೆಯುವ, ಸುಲಿಯುವ ಕೆಲಸವನ್ನು ತಲೆಮಾರುಗಳ ಕಾಲ ಕೆಲವೇ ಜಾತಿಗಳ ಮೇಲೆ ಹೊರಿಸಲಾಗಿತ್ತು. ಅದು ಬಿಟ್ಟಿ ಚಾಕರಿಯ ಭಾಗವಾಗಿತ್ತು. ಯಾರ ಮನೆಯ ಹಸುವೋ ಅವರು ದೂರ ನಿಂತು ನೋಡುತ್ತಿದ್ದರು. ಎಳೆದವರನ್ನು ಆ ಕೆಲಸದ ಕಾರಣಕ್ಕೇ ಮುಟ್ಟದೆ ಇಡುತ್ತಿದ್ದರು. 1927ರ ಮಹಾಡ್ ಸಮಾವೇಶದಲ್ಲಿ ಅಂಬೇಡ್ಕರ್ ಸತ್ತ ದನ ಎಳೆಯುವುದನ್ನು ಬಿಡಿ ಎಂದು ಕರೆ ಕೊಟ್ಟರು. ಕರ್ನಾಟಕದಲ್ಲಿ 1970ರ ದಶಕದಿಂದ ದಲಿತ ಸಂಘರ್ಷ ಸಮಿತಿ ಬಿಟ್ಟಿ ಚಾಕರಿಗಳ ವಿರುದ್ಧ ಊರೂರಲ್ಲಿ ದನಿಯೆತ್ತಿತು.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ, 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಈ ಸಮುದಾಯದವರಿಂದ ಮನುಷ್ಯರ ಅಥವಾ ಪ್ರಾಣಿಗಳ ಕಳೇಬರ ಹೊರಿಸುವುದು, ವಿಲೇವಾರಿ ಮಾಡಿಸುವುದು, ಗುಂಡಿ ತೋಡಿಸುವುದು ಅಪರಾಧ. ಕಾನೂನು ಇಷ್ಟು ಸ್ಪಷ್ಟವಿದ್ದರೂ ನಾಯಿ ಸತ್ತ ಬೆಳಗ್ಗೆ ಕಾಲೋನಿ ಕಡೆಗೆ ಆಳು ಕರೆಯಲು ಹೋಗುವ ಅಭ್ಯಾಸ ಪೂರ್ತಿ ನಿಂತಿಲ್ಲ. ತಾನು ಅನ್ನ ಹಾಕಿ ಸಾಕಿದ ಪ್ರಾಣಿಗೆ ತನ್ನ ಕೈಯಾರೆ ಗುಂಡಿ ತೆಗೆಯುವುದು, ಆಗದವರು ಯಂತ್ರ ತರಿಸುವುದು, ಅದೂ ಆಗದಿದ್ದರೆ ಕೈಗವಸು, ಗಂಬೂಟು, ನ್ಯಾಯವಾದ ಕೂಲಿ ಕೊಟ್ಟು ಒಪ್ಪಿ ಬಂದವರಿಂದ, ಜಾತಿ ನೋಡದೆ ಮಾಡಿಸುವುದು ಸರಿಯಾದ ನಡೆ. ಕಾಳಿಗೆ ಕಲ್ಲು ನೆಡಿಸಿದ ನಾಡು ಈ ಇನ್ನೊಂದು ಸಾಲವನ್ನು ಇನ್ನೂ ತೀರಿಸಿಲ್ಲ.

ಬೀದಿನಾಯಿ, ರಸ್ತೆಗೆ ಬಿದ್ದ ಬೆಕ್ಕು ಇವುಗಳ ಪಾಡೂ ಇದೇ. ಪೌರಕಾರ್ಮಿಕರ ಕಸದ ಗಾಡಿಗೆ ಎತ್ತಿ ಹಾಕುವುದು ಇಂದಿನ ಸಾಮಾನ್ಯ ರೀತಿ. ಗ್ರಾಮ ಪಂಚಾಯಿತಿ ಗೋಮಾಳದಲ್ಲಿ ನೀರಿನ ಮೂಲದಿಂದ ದೂರದ ಹತ್ತಿಪ್ಪತ್ತು ಗುಂಟೆ ಗುರುತಿಸಿ, ಬೇಲಿ ಹಾಕಿ, ಹೊಂಗೆ ಬೇವು ನೆಟ್ಟು, ಮೊದಲೇ ಒಂದೆರಡು ಗುಂಡಿ ತೆಗೆಸಿಟ್ಟರೆ ಈ ಹೋಬಳಿಯ ಮಟ್ಟಿಗೆ ಸಮಸ್ಯೆ ಬಹುಪಾಲು ನೀಗುತ್ತದೆ. ಖರ್ಚು ಕಡಿಮೆ. ಆದರೆ ಗೋಮಾಳ ಒತ್ತುವರಿಯಾಗಿ ಮುಗಿಯುವ ಮುಂಚೆ ಆಗಬೇಕಾದ ಕೆಲಸ.

ನಗರದ ಏರ್ಪಾಡು

ಬೆಂಗಳೂರಿನಲ್ಲಿ ಪ್ರಾಣಿಗಳಿಗಾಗಿ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ವಿದ್ಯುತ್ ಚಿತಾಗಾರವಿದೆ. 1996ರಲ್ಲಿ ಆರಂಭವಾದ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಕೆಂಗೇರಿಯ ಆವರಣದಲ್ಲಿ ಸಾಕುಪ್ರಾಣಿಗಳ ರುದ್ರಭೂಮಿಯಿದೆ. ಅಲ್ಲಿ ಹೆಸರು ಬರೆದ ಕಲ್ಲುಗಳನ್ನು ನೋಡಬಹುದು. ಎರಡೂ ನಗರದ ಪಶ್ಚಿಮಕ್ಕಿವೆ. ಜಡಿಗೇನಹಳ್ಳಿಯವರು ಅಲ್ಲಿಗೆ ಹೋಗಬೇಕಾದರೆ ಬೆಂಗಳೂರನ್ನು ಪೂರ್ವದಿಂದ ಪಶ್ಚಿಮಕ್ಕೆ ಇಡೀ ದಾಟಬೇಕು, ಮೇ ತಿಂಗಳ ಸೆಕೆಯಲ್ಲಿ, ಟ್ರಾಫಿಕ್‌ನಲ್ಲಿ. ಐಸ್ ಪ್ಯಾಕ್ ಅಥವಾ ಐಸ್ ತುಂಬಿದ ಬಾಟಲಿಗಳನ್ನು ಹೊಟ್ಟೆಯ ಭಾಗಕ್ಕೆ ತಾಗುವಂತೆ ಇಟ್ಟು, ಹತ್ತಿ ಬಟ್ಟೆ ಸುತ್ತಿ ಒಯ್ಯಬೇಕಾಗುತ್ತದೆ, ಏಕೆಂದರೆ ಕೊಳೆಯುವಿಕೆ ಮೊದಲಾಗುವುದು ಹೊಟ್ಟೆಯಿಂದ. ಕೆಲವು ಖಾಸಗಿ ಸಂಸ್ಥೆಗಳು ವಾಹನ ಕಳಿಸಿ ಒಯ್ದು ಗ್ಯಾಸ್ ಒಲೆಯಲ್ಲಿ ಸುಟ್ಟು ಬೂದಿ ತಂದುಕೊಡುತ್ತವೆ.

ಹಣ ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಬೇಕು: ಸುಡುವುದು ಒಂಟಿಯಾಗಿಯೋ, ಬೇರೆ ಪ್ರಾಣಿಗಳ ಜೊತೆಗೋ? ಸಾಮೂಹಿಕವಾದರೆ ಬೂದಿ ನಿಮ್ಮ ನಾಯಿಯದೆಂದು ಹೇಳಲಾಗದು. ಚಿತಾಗಾರದ ಉರಿ 800 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿರುತ್ತದೆ. ಉಳಿಯುವುದು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್ ಮಾತ್ರ. ಇಪ್ಪತ್ತು ಕಿಲೋ ತೂಗುವ ನಾಯಿಯಿಂದ ಅರ್ಧದಿಂದ ಮುಕ್ಕಾಲು ಕಿಲೋ ಬೂದಿ ಬರುತ್ತದೆ. ಮನೆಯಲ್ಲಿ ಸೌದೆ ಒಟ್ಟಿ, ಟೈರು, ಸೀಮೆಎಣ್ಣೆ ಹಾಕಿ ಸುಡಲು ಹೋಗುವುದು ಬೇಡ. ಅರ್ಧ ಬೆಂದ ಕಳೇಬರದ ದೃಶ್ಯ ಮನೆಯವರನ್ನು ವರ್ಷಗಟ್ಟಲೆ ಕಾಡುತ್ತದೆ.

ಸಾಕುಪ್ರಾಣಿಗಳಿಗೇ ಮೀಸಲಾದ ಸಾರ್ವಜನಿಕ ರುದ್ರಭೂಮಿಗಳು ಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿದವು: ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1881ರಲ್ಲಿ, ನ್ಯೂಯಾರ್ಕ್ ರಾಜ್ಯದ ಹಾರ್ಟ್ಸ್‌ಡೇಲ್‌ನಲ್ಲಿ 1896ರಲ್ಲಿ, ಪ್ಯಾರಿಸ್ ಬಳಿಯ ಆನಿಯೇರ್‌ನಲ್ಲಿ 1899ರಲ್ಲಿ. ನಾಯಿಯನ್ನು ಹೂಳುವ ರೂಢಿ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು: ಜರ್ಮನಿಯ ಬಾನ್-ಒಬರ್‌ಕಾಸೆಲ್‌ನಲ್ಲಿ ಮನುಷ್ಯರ ಜೊತೆ ಹೂತ ನಾಯಿಮರಿಯ ಅಸ್ಥಿ ಸುಮಾರು 14,000 ವರ್ಷ ಹಳೆಯದು, ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲೂ ಮನುಷ್ಯರ ಗುಂಡಿಯಲ್ಲಿ ನಾಯಿಗಳ ಅಸ್ಥಿ ಸಿಕ್ಕಿದೆ. ಪರದೇಶದಲ್ಲಿರುವ ಕನ್ನಡ ಕುಟುಂಬಗಳು ಆಯಾ ನಾಡಿನ ಕಾನೂನು ನೋಡಿಕೊಂಡೇ ನಡೆಯಬೇಕು. ಮನೆಯ ಹಿತ್ತಿಲಲ್ಲಿ ಹೂಳಬಹುದೇ ಎಂಬುದು ಊರಿಂದೂರಿಗೆ ಬೇರೆ.

ಉಳಿದವರು, ಉಳಿದ ಕೆಲಸ

ಅಮೆರಿಕದ ವಿದ್ವಾಂಸ ಕೆನ್ನೆತ್ ಡೋಕಾ 1989ರಲ್ಲಿ, ಸಮಾಜ ಮಾನ್ಯ ಮಾಡದ ದುಃಖ ಎಂಬ ಒಂದು ವರ್ಗವನ್ನು ವಿವರಿಸಿದರು. ಸಾಕುಪ್ರಾಣಿಯ ಸಾವು ಅದರ ಎದ್ದುಕಾಣುವ ಉದಾಹರಣೆ. ಇದಕ್ಕೆ ರಜೆ ಸಿಗುವುದಿಲ್ಲ, ಯಾರೂ ಮಾತಾಡಿಸಲು ಬರುವುದಿಲ್ಲ, ಇನ್ನೊಂದು ತಂದರಾಯಿತು ಬಿಡು ಎನ್ನುತ್ತಾರೆ. ಒಂಟಿಯಾಗಿ ಬದುಕುವ ಹಿರಿಯರಿಗೆ, ದಿನವೂ ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಮಾತಾಡುತ್ತಿದ್ದ ಹೆಂಗಸರಿಗೆ ಈ ನೋವು ಹೆಚ್ಚು. ಮಕ್ಕಳಿಗೆ ನಾಯಿ ಊರಿಗೆ ಹೋಗಿದೆ ಎಂದು ಸುಳ್ಳು ಹೇಳಬಾರದು. ಅವರು ಗೇಟಿನ ಬಳಿ ಕಾಯುತ್ತಾರೆ. ಸತ್ತಿದೆ, ಇನ್ನು ಬರುವುದಿಲ್ಲ, ಅದಕ್ಕೀಗ ನೋವಿಲ್ಲ ಎಂದು ನೇರವಾಗಿ ಹೇಳಿ, ಬೇಕೆಂದರೆ ಗುಂಡಿಯ ಹತ್ತಿರ ಕರೆದೊಯ್ಯಬೇಕು. ಸಾವು ಸೋಂಕಿನದಲ್ಲದಿದ್ದರೆ ಮನೆಯ ಇನ್ನೊಂದು ನಾಯಿಗೂ ಕಳೇಬರವನ್ನು ಮೂಸಲು ಬಿಡುವುದು ಒಳ್ಳೆಯದೆಂದು ಹಲವು ಪಶುವೈದ್ಯರ ಅಭಿಪ್ರಾಯ.

ಕಾಗದದ ಕೆಲಸವೂ ಒಂದಿಷ್ಟಿದೆ. ವಿಮೆ ಮಾಡಿಸಿದ ಹಸು ಸತ್ತರೆ ಹೂಳುವ ಮೊದಲೇ ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆಯ ವರದಿ ಪಡೆಯಬೇಕು. ಕಿವಿಯ ಓಲೆಯನ್ನು, ಅದರ ಹನ್ನೆರಡು ಅಂಕಿಯ ಸಂಖ್ಯೆ ಕಾಣುವ ಫೋಟೊವನ್ನು ಜೋಪಾನ ಮಾಡಬೇಕು. ಓಲೆಯಿಲ್ಲದೆ ಪರಿಹಾರ ಸಿಗುವುದು ಕಷ್ಟ. ಕುರಿ, ಮೇಕೆ, ದನಗಳು ಆಕಸ್ಮಿಕವಾಗಿ ಸತ್ತರೆ ರಾಜ್ಯದ ‘ಅನುಗ್ರಹ’ ಯೋಜನೆಯಲ್ಲಿ ಅರ್ಜಿ ಹಾಕಬಹುದು. ನಾಯಿ, ಬೆಕ್ಕಿಗೆ ಅದು ಅನ್ವಯಿಸದು. ನಗರ ವ್ಯಾಪ್ತಿಯಲ್ಲಿ ನಾಯಿಗೆ ಪರವಾನಗಿ ಪಡೆದಿದ್ದರೆ ಸಾವಿನ ವಿಷಯ ತಿಳಿಸಿ ರದ್ದು ಮಾಡಿಸಬೇಕು, ಮೈಕ್ರೋಚಿಪ್ ಇದ್ದರೆ ಅದರ ನೋಂದಣಿಯಲ್ಲೂ ಬದಲಾಯಿಸಬೇಕು. ನವಿಲು, ನಕ್ಷತ್ರ ಆಮೆ, ನಮ್ಮ ನಾಡಿನ ಗಿಳಿಗಳನ್ನು ಸಾಕುವುದೇ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹೊಲದಲ್ಲಿ ಸತ್ತ ನವಿಲು ಸಿಕ್ಕಿದರೂ ಅದನ್ನು ತಾವೇ ಹೂಳದೆ, ಗರಿ ಕಿತ್ತುಕೊಳ್ಳದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಉಳಿದ ಔಷಧಗಳನ್ನು ತಿಪ್ಪೆಗೆ ಎಸೆಯದೆ ಪಶು ಆಸ್ಪತ್ರೆಗೆ ಕೊಡಬೇಕು. ಇನ್ನೂ ಚೆನ್ನಾಗಿರುವ ಸರಪಳಿ, ಬಟ್ಟಲು, ಆಹಾರದ ಚೀಲಗಳನ್ನು, ಸಾವು ಅಂಟುರೋಗದಿಂದ ಆಗಿರದಿದ್ದರೆ, ಬೀದಿನಾಯಿಗಳಿಗೆ ಅನ್ನ ಹಾಕುವವರಿಗೆ ಮುಟ್ಟಿಸಬಹುದು.